ಕುದುರೆಗೆ ಹಾಸಿಗೆ ಬೆಳೆಸಿದ ಮಾವ

ಸ್ವಲ್ಪ ತಡೆಯಿರಿ, ಪುಟ ಮಗುಚಬೇಡಿ. ಕುದುರೆ ಲಾಯದ ನೆಲದ ಬಗ್ಗೆ ಓದುವುದಕ್ಕೆ ಏನಿದೆ ಅಂತ ನಿಮಗೆ ಅನ್ನಿಸುತ್ತಿರಬಹುದು. ಇದೆ. ಆದರೆ ಅದಕ್ಕೂ ಮುಂಚೆ ನೀವು ಒಬ್ಬರನ್ನು ನೋಡಬೇಕು.

ನೀಲಿ ಹಾಕಿ ಒಗೆದ ಬಿಳಿ ಪಂಚೆ ಉಟ್ಟ ಎತ್ತರದ ಆಸಾಮಿಯೊಬ್ಬರು ಬೆಳಗಿನ ಎಳೆಬಿಸಿಲಲ್ಲಿ ಲಾಯದ ಒಳಗೆ ಮಗ್ಗುಲಾಗಿ ಮಲಗಿದ್ದಾರೆ. ಒಂದು ಕೆನ್ನೆ ಪೂರ್ತಿ ಮರದ ಸಿಪ್ಪೆಗೆ ಒತ್ತಿದೆ. ಮೀಸೆಯ ತುದಿಗೆ ಸುರುಳಿ ಸಿಪ್ಪೆಯೊಂದು ಸಿಕ್ಕಿಕೊಂಡಿದೆ. ಕಣ್ಣು ಮುಚ್ಚಿ, ಮೂಗಿನ ಹೊಳ್ಳೆ ಅಗಲಿಸಿ, ಸದ್ದು ಬರುವ ಹಾಗೆ ಉಸಿರು ಎಳೆಯುತ್ತಿದ್ದಾರೆ. ತಲೆಯ ಪಕ್ಕದಲ್ಲೇ ಕುದುರೆಯ ಕಾಲುಗಳು. ಕುದುರೆ ಕತ್ತು ಬಗ್ಗಿಸಿ ಅವರ ಕಿವಿ ಮೂಸುತ್ತಿದೆ.

ಅವರು ನನ್ನ ಸೋದರಮಾವ. ಅಮ್ಮನ ತಮ್ಮ. ವರ್ತೂರಿನಿಂದ ವೈಟ್‌ಫೀಲ್ಡ್ ಕಡೆ ಹೋಗುವ ರಸ್ತೆಯ ಪಕ್ಕ ಅವರ ಕೋಳಿ ಶೆಡ್ಡುಗಳಿದ್ದವು. ಎಂಬತ್ತರ ದಶಕ ಆಗ ತಾನೇ ಶುರುವಾಗಿತ್ತು. ನನಗೆ ಅಲ್ಲೇ ಹತ್ತಿರ, ಸ್ಪೀಕರ್ ಜೋಡಿಸುವ ಕಾರ್ಖಾನೆಯಲ್ಲಿ ಬೆಸುಗೆ ಹಾಕುವ ಕೆಲಸ ಸಿಕ್ಕಿತ್ತು. ಕೆಲಸ ಒಂದು ನೆಪ. ನಿಶ್ಚಿತಾರ್ಥ ಮುರಿದುಬಿದ್ದಿತ್ತು, ಊರಲ್ಲಿ ಸಿಕ್ಕವರಿಗೆಲ್ಲ ಉತ್ತರ ಹೇಳಿ ಸಾಕಾಗಿ ಪೆಟ್ಟಿಗೆ ತಗೊಂಡು ಮಾವನ ಮನೆಗೆ ಬಂದುಬಿಟ್ಟಿದ್ದೆ. ಮಾವ ಬಾಗಿಲಲ್ಲೇ ನನ್ನ ಮುಖ ನೋಡಿದರು. "ಬಾರವ್ವ. ಲದ್ದಿ ಎತ್ತೋಕೆ ಒಬ್ರು ಬೇಕಾಗಿತ್ತು" ಅಂದರು. ಅಷ್ಟೇ. ಅವತ್ತೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ.

ಲದ್ದಿ ಯಾಕೆ ಅಂದರೆ, ನಾನು ಹೋಗುವುದಕ್ಕೆ ಸ್ವಲ್ಪ ಮುಂಚೆ ಮನೆಗೊಂದು ಕುದುರೆ ಬಂದಿತ್ತು. ರೇಸಿನಲ್ಲಿ ಓಡಿ ಓಡಿ ಕಾಲು ಕೆಟ್ಟ ಹೆಣ್ಣು ಕುದುರೆ. ಅಂಗಡಿಗಳಿಗೆ ಮೊಟ್ಟೆ ಹಾಕಲು ಪೇಟೆಗೆ ಹೋಗಿದ್ದ ಮಾವ, ಯಾರೋ ಅದನ್ನು ಸಾಗಹಾಕುವ ಮಾತಾಡುತ್ತಿದ್ದದ್ದು ಕೇಳಿ, ಹಗ್ಗ ಹಿಡಿದು ನಡೆಸಿಕೊಂಡೇ ಬಂದರಂತೆ. ಮಾರತ್ತಹಳ್ಳಿಯಲ್ಲಿ ಟೀ ಕುಡಿಯುವಾಗ ಅದಕ್ಕೂ ಒಂದು ಬನ್ನು ಕೊಡಿಸಿದರಂತೆ. ಅದರ ಇಂಗ್ಲಿಷ್ ಹೆಸರು ಮಾವನ ನಾಲಿಗೆಗೆ ಹೊರಳಲಿಲ್ಲ. ಅಮ್ಮಣ್ಣಿ ಅಂತ ಕರೆದರು.

ಅತ್ತೆ, ಅಂದರೆ ಮಾವನ ಹೆಂಡತಿ, ಅವತ್ತು ಕೇಳಿದ್ದು ಒಂದೇ ಪ್ರಶ್ನೆ: "ಇದ್ನ ಎಲ್ಲಿ ಮಡಗ್ತೀರಾ? ನನ್ನ ತಲೆ ಮ್ಯಾಲಾ?"

ಒಂದು ಕೋಳಿ ಶೆಡ್ಡು ಖಾಲಿ ಇತ್ತು. ಕೆಳಗೆ ಕಲ್ಲುಚಪ್ಪಡಿ, ಪಕ್ಕದಲ್ಲಿ ತಂತಿ ಜಾಲರಿ, ಮೇಲೆ ಶೀಟು. ಮಾವ ಅದರೊಳಗೆ ಅವಳನ್ನು ಬಿಟ್ಟು, ಕೋಳಿಗೆ ಹಾಕುವ ಹಾಗೆಯೇ ಭತ್ತದ ಹೊಟ್ಟು ಹರಡಿ, ಕೋಳಿಗೆ ಮಾಡುವ ಹಾಗೆಯೇ ದಿನಾ ಬೆಳಗ್ಗೆ ಅಡಿಯಿಂದ ಮೇಲಕ್ಕೆ ಕೆದಕಿ ಮಗುಚಿದರು. ಕೋಳಿ ಸಾಕುವವರಿಗೆ ಇದು ಗೊತ್ತು. ಡೀಪ್ ಲಿಟ್ಟರ್ ಅಂತಾರೆ. ಕೆಳಗೆ ಹರಡಿದ ಹಾಸನ್ನು ದಿನಾ ತೆಗೆಯುವುದಿಲ್ಲ. ಅದು ಅಲ್ಲೇ ಇದ್ದು, ಅಲ್ಲೇ ಕಳಿತು, ಬೆಚ್ಚಗೆ ಕೂತಿರುತ್ತದೆ. ಮೇಲೆ ಒಣಗಿದ್ದು ಸೇರಿಸುತ್ತಾ, ಕೆದಕುತ್ತಾ ಹೋಗಬೇಕು. ಮಾವ ಅದರಲ್ಲಿ ಎತ್ತಿದ ಕೈ. ಎತ್ತಿದ ಕೈ ಅಂತ ಅವರೇ ಎಲ್ಲರಿಗೂ ಹೇಳುತ್ತಿದ್ದರು.

ಪಕ್ಕದ ಹೊಲದವರು ಬೇಲಿಯ ಮೇಲಿಂದ ಕೂಗುತ್ತಿದ್ದರು. "ಏನಣ್ಣ, ಮೊಟ್ಟೆ ಇಕ್ತಾ?"

"ಇಕ್ತದೆ ತಡಿಯಲಾ. ಒಂದು ಇಕ್ಕುದ್ರೆ ನಿಮ್ಮನೇರೆಲ್ಲಾ ಕೂತು ವಾರ ಉಣ್ಬೋದು."

ತಮಾಷೆ ಹಾಗಿರಲಿ, ಅಮ್ಮಣ್ಣಿ ಕೆಮ್ಮುವುದಕ್ಕೆ ಶುರು ಮಾಡಿದಳು. ಶೆಡ್ಡಿಗೆ ಹೋದರೆ ನಮ್ಮ ಕಣ್ಣಲ್ಲೂ ನೀರು. ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದಿತ್ತು. ಅವಳು ಮಲಗುತ್ತಲೇ ಇರಲಿಲ್ಲ. ನಿಂತಲ್ಲೇ ತೂಕಡಿಸಿ, ಮುಂಗಾಲು ಪಕ್ಕನೆ ಕುಸಿದು, ಗಾಬರಿಯಿಂದ ಎದ್ದು ನಿಲ್ಲುತ್ತಿದ್ದಳು. ಹಾಗೆ ಕುಸಿದು ಕುಸಿದು ಗೆಣ್ಣುಗಳು ತರಚಿ ಹಸಿಯಾಗಿದ್ದವು. ವೈಟ್‌ಫೀಲ್ಡ್ ಸ್ಟೇಷನ್ನಿನ ಜಟಕಾದವರೊಬ್ಬರು ಬಂದು ನೋಡಿ, "ಕುದುರೆ ನಿಂತ್ಕಂಡು ನಿದ್ದೆ ಮಾಡ್ತದೆ ಅಂತಾರಲ್ಲ, ಅದು ಅರ್ಧ ನಿದ್ದೆ ಅಣ್ಣ. ಮಲಗ್ಲೇಬೇಕು. ಇಂಗೇ ಆದ್ರೆ ಒಂದಿನ ಬಿದ್ದು ಕಾಲು ಮುರ್ಕತದೆ. ಆಮೇಲೆ ಏನೂ ಮಾಡಂಗಿಲ್ಲ" ಅಂದರು.

ಆವತ್ತಿನಿಂದ ಮಾವನಿಗೆ ಬೇರೆ ಯೋಚನೆಯೇ ಇಲ್ಲ. ಅಮ್ಮಣ್ಣಿ ಮಲಗಬೇಕು. ಊಟಕ್ಕೆ ಕೂತರೆ ಅದೇ, ಮೊಟ್ಟೆ ಎಣಿಸುವಾಗ ಅದೇ. ಒಂದು ಬೆಳಗ್ಗೆ ಪಂಚೆ ಸಮೇತ ಹೊಟ್ಟಿನ ಮೇಲೆ ಉರುಳಿಕೊಂಡರು. ಕೆನ್ನೆ ಇಟ್ಟವರೇ ಧಡಕ್ಕನೆ ಎದ್ದು ಕೂತು, ಕಣ್ಣು ಉಜ್ಜಿಕೊಳ್ಳುತ್ತಾ ಕೆಮ್ಮಿದರು.

"ಮಗಾ, ಇಲ್ಲಿ ಬಾ. ನಿಂತ್ಕಂಡ್ರೆ ಏನೂ ಗೊತ್ತಾಗಕಿಲ್ಲ. ಅವ್ಳ ಮೂಗು ಇರೋ ಜಾಗದಲ್ಲಿ ನಿನ್ನ ಮೂಗು ಇಕ್ಕು."

ಇಟ್ಟೆ. ಅಬ್ಬಾ, ಉಪ್ಪಿನಕಾಯಿ ಜಾಡಿಯಲ್ಲಿ ಯಾರೋ ಕತ್ತು ಹಿಡಿದು ಅದುಮಿದ ಹಾಗೆ! ಇಂಥಾ ಕಡೆ ಯಾರು ತಾನೆ ಮಲಗುತ್ತಾರೆ?

ಮಾವ ಶೆಡ್ಡಿನ ಹೊಸ್ತಿಲ ಮೇಲೆ ಕೂತು ತಮ್ಮನ್ನೇ ಬೈದುಕೊಂಡರು. ಕೋಳಿ ಹಿಕ್ಕೆ ಒಣಗಿದ್ದು, ಕೆದಕಿದರೆ ಇನ್ನೂ ಒಣಗುತ್ತದೆ. ಕುದುರೆ ಒಂದು ಸಲಕ್ಕೆ ಬಕೀಟು ಉಚ್ಚೆ ಹೊಯ್ಯುತ್ತದೆ. ಅದು ಅಡಿಗೆ ಇಳಿದು ಸುಮ್ಮನೆ ಕೂತಿರುತ್ತದೆ. ಕೆದಕಿದೆವೋ, ಘಾಟು ಮೇಲೆ. "ಕೋಳಿ ಬುದ್ಧಿ ತಗಂಡು ಕುದ್ರೆ ಸಾಕಕ್ಕೋದೆ" ಅಂದರು. ಆಮೇಲೆ ಕಾನೂನು ಮಾಡಿದರು. ಲದ್ದಿ ಬಿದ್ದ ಕೂಡಲೇ ಕೈಯಲ್ಲಿ ಎತ್ತು. ಒದ್ದೆಯಾದ ಕಡೆ ಮೇಲೆ ಒಣಗಿದ್ದು ಹಾಕು. ಅಡಿಯದನ್ನು ಮುಟ್ಟಲೇಬೇಡ. ಗುದ್ದಲಿ, ಸಲಿಕೆ ಶೆಡ್ಡಿನ ಹತ್ತಿರ ಸುಳಿಯಕೂಡದು. ಮಂಡಿಯೂರಿ ಪೂರ್ತಿ ಭಾರ ಬಿಡು, ಮಂಡಿಯ ಹತ್ತಿರ ಬಟ್ಟೆ ಒದ್ದೆಯಾದರೆ ಒಣ ಹೊಟ್ಟು ಇನ್ನೊಂದು ಮಂಕರಿ ಹಾಕು.

ಹೊಟ್ಟು ಸಾಲದೆ ಬಂತು. ಪೀಣ್ಯದ ಕ್ಯಾಂಟೀನುಗಳಿಗೆ ಮಾವನ ಮೊಟ್ಟೆ ಒಯ್ಯುವ ವ್ಯಾನೊಂದಿತ್ತು, ಅದು ವಾಪಸು ಬರುವಾಗ ಅಲ್ಲಿ ಮಿಷನ್ನುಗಳಿಗೆ ಮರದ ಪೆಟ್ಟಿಗೆ ಮಾಡುವ ಶೆಡ್ಡಿನಿಂದ ಕೀಸಿದ ಸಿಪ್ಪೆ ತುಂಬಿಕೊಂಡು ಬರುವ ಏರ್ಪಾಡಾಯಿತು. ಎಂಥಾ ಸಿಪ್ಪೆ ಅಂತೀರಿ! ಹಗುರ, ಗರಿಗರಿ, ಪರಿಮಳ. ಆದರೆ ಒಳಗೆ ಮುರಿದ ಮೊಳೆ. ಒಂದು ಮೊಳೆ ಗೊರಸಿಗೆ ಹೊಕ್ಕರೆ ಮುಗಿಯಿತು. ನಾನು ಕಾರ್ಖಾನೆಯಲ್ಲಿ ಮೇಸ್ತ್ರಿಯನ್ನು ಕೇಳಿ, ಕೆಟ್ಟುಹೋದ ಸ್ಪೀಕರಿನ ದುಂಡು ಅಯಸ್ಕಾಂತ ಒಂದನ್ನು ತಂದೆ. ಅದಕ್ಕೆ ದಾರ ಕಟ್ಟಿ ಸಿಪ್ಪೆಯ ಮೇಲೆ ಆಡಿಸಿದರೆ ಟಿಕ್, ಟಿಕ್ ಅಂತ ಮೊಳೆಗಳು ಹಾರಿ ಅಂಟಿಕೊಳ್ಳುತ್ತಿದ್ದವು. ಮಾವ ಚಪ್ಪಾಳೆ ತಟ್ಟಿಬಿಟ್ಟರು. ಬಂದವರಿಗೆಲ್ಲ ತೋರಿಸಿದರು. "ನಮ್ಮುಡ್ಗಿ ಇಂಜಿನಿಯರ್ರು" ಅಂದರು. ಆ ದಿನಗಳಲ್ಲಿ ನನ್ನನ್ನು ಯಾರೂ ಯಾವುದಕ್ಕೂ ಹೊಗಳುತ್ತಿರಲಿಲ್ಲ.

ಹಾಸು ಬೆಳೆಯಿತು. ಮೇಲೆ ಒಣ, ಅಡಿಯಲ್ಲಿ ಬಿಗಿ, ಮಧ್ಯೆ ಕೈ ತೂರಿಸಿದರೆ ಹಿಟ್ಟಿನ ಗಿರಣಿಯಿಂದ ಆಗ ತಾನೇ ಬಂದ ರಾಗಿಹಿಟ್ಟಿನ ಹಾಗೆ ಬಿಸಿ. ಕೆಮ್ಮು ನಿಂತಿತು. ಅಮ್ಮಣ್ಣಿ ಹಾಸನ್ನು ಮೂಸಿ, ಕಾಲಲ್ಲಿ ತಟ್ಟಿ, ಒಂದು ಸುತ್ತು ಹಾಕಿ, ಮಂಡಿ ಮಡಚುವಷ್ಟರಲ್ಲಿ ಮನಸ್ಸು ಬದಲಾಯಿಸಿ ನಿಲ್ಲುತ್ತಿದ್ದಳು. "ಇವತ್ತು ನಾಳೆ ಅಷ್ಟೇ" ಅಂತ ಮಾವ ಪಿಸುಗುಟ್ಟುತ್ತಿದ್ದರು.

ಅಷ್ಟರಲ್ಲಿ ಆಯುಧಪೂಜೆ ಬಂತು. ನಮ್ಮ ಕಡೆ ಆ ಹಬ್ಬ ಹೇಗೆ ಅಂತ ನಿಮಗೆ ಹೇಳಬೇಕಾಗಿಲ್ಲ. ಕಾರ್ಖಾನೆಯ ಲೇತಿನಿಂದ ಹಿಡಿದು ಮನೆಯ ಈಳಿಗೆಮಣೆಯವರೆಗೆ ಎಲ್ಲವನ್ನೂ ತಿಕ್ಕಿ ತೊಳೆಯದೆ ಪೂಜೆ ಇಲ್ಲ. ನಾನು ಕಾರ್ಖಾನೆಯ ಪೂಜೆಗೆ ಹೋಗಿದ್ದೆ. ಮಾವ ಹೂವು, ಬೂದುಗುಂಬಳ ತರಲು ಹೋಗಿದ್ದರು. ಇಬ್ಬರೂ ಒಂದೇ ಬಸ್ಸಿಂದ ಇಳಿದು ಬಂದೆವು. ಅಂಗಳದಲ್ಲಿ ಅಮ್ಮಣ್ಣಿಗೆ ಸ್ನಾನ ಮಾಡಿಸಿ ಕಟ್ಟಿಹಾಕಿದ್ದರು. ಅತ್ತೆ ಸೆರಗು ಸಿಕ್ಕಿಸಿಕೊಂಡು, ಮುಖವೆಲ್ಲ ಬೆವರು, ನಗುತ್ತಾ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದರು.

"ನೋಡ್ಬನ್ನಿ. ಲಕ್ಷ್ಮಿ ಅಂಥೋಳ್ನ ಕೊಳೇಲಿ ಮಡಗಿದ್ರಲ್ಲ, ನೋಡಿ ಈಗ."

ಆಳುಗಳನ್ನು ಜೊತೆಗಿಟ್ಟುಕೊಂಡು ಇಡೀ ಹಾಸನ್ನು ಅಗೆದು ತಿಪ್ಪೆಗೆ ಹಾಕಿಸಿದ್ದರು. ಚಪ್ಪಡಿಗೆ ನೀರು ಹೊಯ್ದು ತೆಂಗಿನನಾರಿನಲ್ಲಿ ತಿಕ್ಕಿದ್ದರು. ನಡುವೆ ರಂಗೋಲಿ, ಮೂಲೆಗೆ ಮಾವಿನಸೊಪ್ಪು.

ಮಾವನ ಕುತ್ತಿಗೆಯ ನರ ಉಬ್ಬಿತು. ಬಾಯಿ ತೆರೆದರು. ನಾನು ಹೆದರಿ ಒಂದು ಹೆಜ್ಜೆ ಹಿಂದೆ ಸರಿದೆ. ಅಷ್ಟು ಹೊತ್ತಿಗೆ ಅವರ ಕಣ್ಣು ಅತ್ತೆಯ ಕೈಗಳ ಮೇಲೆ ಬಿತ್ತು. ಗುದ್ದಲಿ ಹಿಡಿದು ಅಂಗೈಯಲ್ಲಿ ಬೊಬ್ಬೆ ಎದ್ದಿದ್ದವು. ಕುಂಬಳವನ್ನು ನಿಧಾನಕ್ಕೆ ಕೆಳಗಿಟ್ಟರು.

"ಏನಾರ ಉಂಡ್ಯಾ?" ಅಂತ ಕೇಳಿದರು.

ಪೂಜೆ ಆಯಿತು. ಅಮ್ಮಣ್ಣಿಯನ್ನು ಒಳಗೆ ಬಿಟ್ಟರೆ ಒದ್ದೆ ಚಪ್ಪಡಿಯ ಮೇಲೆ ಹಿಂಗಾಲು ಜಾರಿತು. ಬೀಳಲಿಲ್ಲ. ರಂಗೋಲಿಯ ಮಧ್ಯೆ ನಾಲ್ಕೂ ಕಾಲು ಅಗಲಿಸಿಕೊಂಡು ನಡುಗುತ್ತಾ ನಿಂತಳು. ಮೂಗು ನೆಲಕ್ಕೆ ತಂದು ಅಲ್ಲಿ, ಇಲ್ಲಿ ಮೂಸಿದಳು.

"ಯಾಕಂಗಾಡ್ತಾವ್ಳೆ?" ಅಂದರು ಅತ್ತೆ.

"ಏನಿಲ್ಲ ಬುಡು. ಆಸಿಗೆ ಉಡುಕ್ತಾವ್ಳೆ."

ಅತ್ತೆಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಪೀಣ್ಯದ ಶೆಡ್ಡುಗಳೆಲ್ಲ ಹಬ್ಬಕ್ಕೆ ಮುಚ್ಚಿದ್ದವು, ಸಿಪ್ಪೆ ಎಲ್ಲಿಂದ ಬರಬೇಕು? ಆಕಾಶ ಬೇರೆ ಕಪ್ಪಿಟ್ಟಿತ್ತು. ಅತ್ತೆ ಸೀದಾ ಹಿತ್ತಲಿಗೆ ಹೋದರು. ಅಲ್ಲಿ ಹಸುವಿಗೆ ಅಂತ ಅವರೇ ಕಾವಲು ಕಾದಿದ್ದ ನೆಲ್ಲುಹುಲ್ಲಿನ ಮೆದೆ ಇತ್ತು. ಅದರಿಂದ ಒಂದು ಎಳೆ ಹುಲ್ಲು ಕುದುರೆಗೆ ಹೋದರೆ ಅವರು ಮಾವನ ಜೊತೆ ಮಾತು ಬಿಡುತ್ತಿದ್ದರು. ಅದೇ ಮೆದೆಯನ್ನು ಬೊಬ್ಬೆ ಬಂದ ಕೈಯಲ್ಲಿ ಹಿರಿದು ಹಿರಿದು ತಂದು ಸುರಿದರು.

"ಅಸುವಿಗೆ ಏನ್ ಮಾಡ್ತೀಯೆ?" ಅಂದರು ಮಾವ.

"ಅದು ಮಲಿಕ್ಕಂಡು ಮೆಲುಕು ಆಕ್ತದೆ. ಇವ್ಳು ನಿಂತೇ ಅವ್ಳಲ್ಲ."

ಆ ಹುಲ್ಲಿನ ಮೇಲೆ ಮತ್ತೆ ಮೊದಲಿನಿಂದ ಶುರುವಾಯಿತು. ದೀಪಾವಳಿ ಹೊತ್ತಿಗೆ ಸಿಪ್ಪೆ ಸೇರಿತು, ಚಳಿ ಬರುವ ಹೊತ್ತಿಗೆ ಅಡಿ ಬಿಸಿಯಾಯಿತು. ಆದರೆ ಆ ಚಳಿಯಲ್ಲೇ ಮಾವನಿಗೆ ಉಸಿರು ಕಟ್ಟತೊಡಗಿತು. ಎದೆಯಲ್ಲಿ ನೀರು ತುಂಬಿದೆ ಅಂದರು ಡಾಕ್ಟರು. ಪೇಟೆಯ ಆಸ್ಪತ್ರೆಗೆ ಸೇರಿಸಿದೆವು. ಶೆಡ್ಡು ಅತ್ತೆಯ ಪಾಲಿಗೆ ಬಂತು. ಬೆಳಗ್ಗೆ ಅವರೇ ಲದ್ದಿ ಎತ್ತಿ, ಸೀರೆ ನೆರಿಗೆ ಸರಿಸಿ, ಮಂಡಿಯೂರಿ ನೋಡಿ, ಆಮೇಲೆ ಬಸ್ಸು ಹಿಡಿದು ಗಂಜಿ ತರುತ್ತಿದ್ದರು. ಮಾವ ದಿನಾ ಕೇಳುವುದು ಒಂದೇ. "ಮಲಗುದ್ಲಾ?" ಅತ್ತೆ ಇಲ್ಲ ಅಂತ ತಲೆ ಅಲ್ಲಾಡಿಸುವರು.

ಒಂದು ಭಾನುವಾರ ನಾನು ಮಾವನ ಹತ್ತಿರ ಕೂತಿದ್ದೆ. ಅತ್ತೆ ಬರುವ ಹೊತ್ತು ಕಳೆದು ಎಷ್ಟೋ ಆಗಿತ್ತು. ಗಾಬರಿಯಾಗಿ ನಾನು ಏಳುವಷ್ಟರಲ್ಲಿ ಬಂದರು. ತಲೆಗೂದಲಲ್ಲಿ ಸಿಪ್ಪೆ. ಕೈಯಲ್ಲಿ ಗಂಜಿಯ ಕ್ಯಾರಿಯರ್ ಇಲ್ಲ, ಮರೆತು ಬಂದಿದ್ದರು.

"ಬಸ್ಸು ತಪ್ಪೋಯ್ತು" ಅಂದರು. "ಒಂದಲ್ಲ, ಎಲ್ಡು ತಪ್ಪೋಯ್ತು. ನಾನು ಬಾಗ್ಲಲ್ಲೇ ನಿಂತಿದ್ದೆ. ಅಲ್ಲಾಡುದ್ರೆ ಬಳೆ ಸದ್ದಾಗ್ತದೆ ಅಂತ ಎಂಗಿದ್ನೋ ಅಂಗೇ ನಿಂತ್ಕಂಡೆ. ಅವ್ಳಾಗೇ ಏಳೋಗಂಟ."

ಮಾವ ದಿಂಬಿನಿಂದ ತಲೆ ಎತ್ತಿದರು.

"ಯಾವ ಮಗ್ಗುಲು?"

"ಎಡಕ್ಕೆ. ಕಾಲು ಚಾಚ್ಕಂಡು, ಕತ್ತು ಪೂರ್ತಿ ನೆಲಕ್ಕೆ ಬಿಟ್ಟು. ಗೊರ್ಕೆ ಬೇರೆ. ನಿಮ್ದೂ ಒಂದು ಗೊರ್ಕೆನಾ ಅನ್ಬೇಕು, ಅಂಗೆ."

ಮಾವ ನಕ್ಕರು. ನಕ್ಕಿದ್ದಕ್ಕೆ ಕೆಮ್ಮು ಬಂತು, ಕೆಮ್ಮಿದ್ದಕ್ಕೆ ಕಣ್ಣಲ್ಲಿ ನೀರು ಬಂತು, ಅದನ್ನು ಒರೆಸಿಕೊಳ್ಳುತ್ತಾ "ಇನ್ನೊಂದ್ಸಲ ಯೋಳು" ಅಂದರು. ಅತ್ತೆ ಮಂಚದ ಅಂಚಿಗೆ ಕೂತು ಮೊದಲಿನಿಂದ ಹೇಳಿದರು. ಎಷ್ಟು ಸುತ್ತು ಬಂದಳು, ಯಾವ ಮಂಡಿ ಮೊದಲು ಮಡಚಿದಳು, ಮಲಗುವಾಗ ಅಬ್ಬಾ ಅಂತ ಹೇಗೆ ಉಸಿರು ಬಿಟ್ಟಳು. ಆ ದಿನ ಅವರಿಬ್ಬರನ್ನು ನೋಡಿದಾಗಲೇ, ಗಂಡಹೆಂಡತಿ ಅಂದರೆ ಹೀಗೂ ಇರುತ್ತಾರೆ ಅಂತ ನನಗೆ ಗೊತ್ತಾಗಿದ್ದು.

ಮಾವ ಆಸ್ಪತ್ರೆಯಿಂದ ಮನೆಗೆ ಬರಲಿಲ್ಲ. ಸಂಕ್ರಾಂತಿ ಅವರು ನೋಡಲಿಲ್ಲ.

ಅಮ್ಮಣ್ಣಿ ಆಮೇಲೂ ಕೆಲವು ವರ್ಷ ಇದ್ದಳು, ಮಲಗಿ ಎದ್ದು ಸುಖವಾಗಿಯೇ ಇದ್ದಳು. ಈಗ ಆ ಶೆಡ್ಡುಗಳ ಜಾಗದಲ್ಲಿ ಒಂದು ಕಾರ್ಖಾನೆಯ ಕಾಂಪೌಂಡು ಬಂದಿದೆ. ಬಸ್ಸಿನಲ್ಲಿ ಆ ಕಡೆ ಹೋದಾಗಲೆಲ್ಲ ನಾನು ಕಿಟಕಿ ಪಕ್ಕದ ಸೀಟು ಹಿಡಿಯುತ್ತೇನೆ. ಗೋಡೆ ಬಿಟ್ಟು ಏನೂ ಕಾಣುವುದಿಲ್ಲ, ಆದರೂ ನೋಡುತ್ತೇನೆ. ರಜೆಯ ದಿನ ಮನೆಯ ಹತ್ತಿರದ ಒಬ್ಬರ ಲಾಯದಲ್ಲಿ ಹಾಸು ನೋಡಿಕೊಳ್ಳುವುದು ನನ್ನ ಹುಚ್ಚು. ಯಾರೂ ಕಲಿಸಿಲ್ಲ ಅಂತ ಅಲ್ಲಿಯವರಿಗೆ ಹೇಳುತ್ತೇನೆ. ಅದು ಸುಳ್ಳು.

ನಿಮ್ಮಲ್ಲಿ ಕುದುರೆ ಕಟ್ಟಿರುವವರು, ಹೀಗೆ ಹಾಸನ್ನು ತೆಗೆಯದೆ ಬೆಳೆಸುವವರು ಇದ್ದೀರಾ? ಇದ್ದರೆ ದಯವಿಟ್ಟು ಬರೆಯಿರಿ. ಈ ಮಳೆಗಾಲ ನನ್ನ ಹಾಸು ಬಾಗಿಲ ಪಕ್ಕದಲ್ಲಿ ಮಾತ್ರ ನೆನೆಯುತ್ತಿದೆ. ಎಷ್ಟು ಒಣಗಿದ್ದು ಹಾಕಿದರೂ ಅಲ್ಲಿ ಕುಸಿಯುತ್ತದೆ. ಮಾವ ಇದಕ್ಕೇನು ಮಾಡುತ್ತಿದ್ದರು ಅಂತ ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ, ಕೇಳೋಣ ಅಂದರೆ ಅವರೂ ಇಲ್ಲ, ಅತ್ತೆಯೂ ಇಲ್ಲ. ನೀವೇನು ಮಾಡುತ್ತೀರಿ, ಹೇಳಿ.