ಕಿವಿಯಲ್ಲಿ ಹೆಸರು ಕೇಳಿದ ಹಕ್ಕಿ

1979ರ ಜನವರಿಯಲ್ಲಿ, ಬಾಗಲಕೋಟೆಯ ಮನೆಯೊಂದರ ಪಡಸಾಲೆಯಲ್ಲಿ, ಸತ್ತಿದೆಯೆಂದು ಇಬ್ಬರು ನೋಡಿ ಒಪ್ಪಿದ್ದ ಹಕ್ಕಿಯೊಂದು ಎದ್ದು ಹಾರಿಹೋಯಿತು. ಒಪ್ಪಿದ್ದವರಲ್ಲಿ ನಾನೂ ಒಬ್ಬ. ಆಗ ನಾನು ಪತ್ರಿಕೆಯೊಂದರ ವರದಿಗಾರ. ಇಂಥ ಕಥೆ ಹೊತ್ತು ಬಂದವರಿಗೆ ಚಹಾ ಕುಡಿಸಿ ಕಳಿಸುತ್ತಿದ್ದೆ; ಒಂದು ಸಾಲನ್ನೂ ಬರೆಯುತ್ತಿರಲಿಲ್ಲ.

ಮನೆ ಗೆಳೆಯ ಗುರುಸಿದ್ದಪ್ಪನದು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ. ಬಾದಾಮಿಯ ಬಂಡೆಗಳ ಮೇಲೆ ಬೆಟ್ಟದ ಫಿಂಚ್ ಕಂಡೆನೆಂದು ಅವನು ದೂರದ ವಸ್ತುಸಂಗ್ರಹಾಲಯವೊಂದಕ್ಕೆ ಬರೆದಿದ್ದ. ಕಾಳು ತಿನ್ನುವ ಆ ಪುಟ್ಟ ಹಕ್ಕಿ ಹಿಮಾಲಯದ್ದು, ನೀವು ಕಂಡದ್ದು ಗುಬ್ಬಿಯಿರಬೇಕು, ನಂಬಬೇಕಾದರೆ ಹಕ್ಕಿಯನ್ನೇ ಕಳಿಸಿ ಎಂದು ಅವರು ಉತ್ತರಿಸಿದರು. ಕೊಕ್ಕು, ರೆಕ್ಕೆ ನೋಡಿಯೇ ಕುಲ ಮತ್ತು ಪ್ರಭೇದವನ್ನು ಗೊತ್ತುಮಾಡಬೇಕಂತೆ. ಕುಲವೆಂದರೆ ನಮ್ಮ ಕಡೆಯ ಮನೆತನದ ಅಡ್ಡಹೆಸರಿದ್ದಂತೆ, ಪ್ರಭೇದವೆಂದರೆ ತೊಟ್ಟಿಲಲ್ಲಿಟ್ಟ ಹೆಸರು. ಅಂದಿನಿಂದ ಕಾಲೇಜಿನಲ್ಲಿ ಅವನು ‘ಗುಬ್ಬಿ ಮಾಸ್ತರ’ ಆಗಿಬಿಟ್ಟಿದ್ದ.

ಆ ಜನವರಿಯ ಒಂದು ಬೆಳಿಗ್ಗೆ ನಾವಿಬ್ಬರೂ ಬಾದಾಮಿಯಲ್ಲಿದ್ದಾಗ ಬಂಡೆಯ ಬುಡದಲ್ಲಿ ಅಂಥದೇ ಹಕ್ಕಿ ಸಿಕ್ಕಿತು. ಕಾಲು ಸೆಟೆದಿದ್ದವು. ಕಣ್ಣಿಗೆ ಇರುವೆ ಹತ್ತಿದ್ದವು. ಕರವಸ್ತ್ರದಲ್ಲಿ ಸುತ್ತಿ ಬಸ್ಸಿನಲ್ಲಿ ತಂದೆವು. ಚರ್ಮ ಬಿಡಿಸಿ ಹತ್ತಿ ತುಂಬಲು ಅವನು ಚಾಕು ಹಿಡಿದಾಗ, ಅವನ ಅಕ್ಕ ನೀಲವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಎದ್ದು ಬಂದರು.

“ಏನೋ ತಮ್ಮಾ, ಇದರ ಹೆಸರೇನು?”

“ಇನ್ನೂ ಇಟ್ಟಿಲ್ಲಕ್ಕಾ. ಕೊಯ್ದು ಕಳಿಸಿದ ಮ್ಯಾಲ ದೊಡ್ಡವರು ಇಡ್ತಾರ.”

“ಹೆಸರಿಡದ ಕೂಸಿಗೆ ಚಾಕು ಹಚ್ತೀಯೇನು? ಭಾಳ ಶಾಣ್ಯಾ ಅದಿ! ಕೊಡಿಲ್ಲೆ. ನಿನ್ನ ಕೂಸಿಗೆ ನಾನ ಸೋದರತ್ತಿ.”

ನಮ್ಮಲ್ಲಿ ಹೆಸರಿಡುವಾಗ ಸೋದರತ್ತೆ ಮಗುವಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಉಸುರುತ್ತಾಳೆ. ಸುತ್ತ ನಿಂತವರು ಅವಳ ಬೆನ್ನಿಗೆ ಗುದ್ದುತ್ತಾರೆ. ನೀಲವ್ವ ಹಕ್ಕಿಯನ್ನು ಇಳಕಲ್ ಸೀರೆಯ ಸೆರಗಿನಲ್ಲಿ ಮಲಗಿಸಿಕೊಂಡು ಬಾಗಿದರು.

“ಸುಮ್ನ ನಿಂತೀಯಲ್ಲೋ, ಗುದ್ದು!”

ಗುರುಸಿದ್ದಪ್ಪ ನಗುತ್ತಲೇ ಗುದ್ದಿದ. ಅವರು ಹೇಳಿದ ಹೆಸರು ನಮಗೆ ಕೇಳಿಸಲಿಲ್ಲ. ಸೆರಗು ಮಿಸುಕಿತು. ಹಕ್ಕಿ ತಲೆಯೆತ್ತಿ ನಮ್ಮನ್ನು ನೋಡಿತು. ಮರುಗಳಿಗೆಯಲ್ಲಿ ಬೆಳಕಿಂಡಿಯಿಂದ ಹೊರಗೆ ಹಾರಿತು.

“ಅಕ್ಕಾ, ನನ್ನ ಪುರಾವೆ ಹೋತಲ್ಲ!”

“ಜೀವ ಬಂದೈತಿ, ಅಳ್ತೀಯೇನೋ ಹುಚ್ಚಪ್ಪಾ?”

ಪೆಟ್ಟು ತಿಂದ ಹಕ್ಕಿ ಮೂರ್ಛೆಯಿಂದ ಏಳುವುದುಂಟು ಎಂದು ಪಶುವೈದ್ಯರೊಬ್ಬರು ಆಮೇಲೆ ಹೇಳಿದರು. ಸೆಟೆದ ಕಾಲು, ಇರುವೆ ಹತ್ತಿದ ಕಣ್ಣಿನ ವಿಷಯ ಹೇಳಿದಾಗ, ಹಾಗಾದರೆ ಅದು ಸತ್ತೇ ಇತ್ತು ಎಂದರು. ಆ ದಿನದ ಸುದ್ದಿಯನ್ನು ನಾನು ಬರೆಯಲಿಲ್ಲ. ಗುರುಸಿದ್ದಪ್ಪ ಮಾತ್ರ ಮತ್ತೆ ಹಕ್ಕಿಗೆ ಚಾಕು ಹಚ್ಚಲಿಲ್ಲ. ಬಲೆ ಕೊಂಡುಕೊಂಡು ಪ್ರತಿ ಚಳಿಗಾಲ ಬಾದಾಮಿಗೆ ಹೋಗುತ್ತಿದ್ದ.

1984ರ ಚಳಿಗಾಲದಲ್ಲಿ ಆ ಬಂಡೆಗಳ ಮೇಲೆ ಅಂಥ ಹಕ್ಕಿಗಳ ಸಣ್ಣ ಗುಂಪೊಂದು ಇಳಿಯಿತು. ಅವನು ಒಂದನ್ನು ಹಿಡಿದು, ಅಳತೆ ತೆಗೆದು, ಫೋಟೊ ತೆಗೆದು ಬಿಟ್ಟ. ಅವನು ಕಳಿಸಿದ ಅಳತೆ, ಫೋಟೊ ನೋಡಿ ವಸ್ತುಸಂಗ್ರಹಾಲಯದವರು ಕುಲವನ್ನು ಒಪ್ಪಿಕೊಂಡಿದ್ದಾರೆ. ಪ್ರಭೇದ, ಅಂದರೆ ಆ ತೊಟ್ಟಿಲ ಹೆಸರು, ಇನ್ನೂ ತೀರ್ಮಾನವಾಗಿಲ್ಲ.