ಗಾಡಿ ಹೊಡಿಯಾಕಿ ನಮ್ಮ ಸೊಸಿ

ನಮ್ಮ ವ್ಯಾನು ಮೊದಲು ಶಾಲೆಯ ಮಕ್ಕಳನ್ನು ಹೊತ್ತು ತಿರುಗುತ್ತಿತ್ತು. ಹಳೆಯದಾಯಿತೆಂದು ಅದನ್ನು ಮಾರಾಟಕ್ಕಿಟ್ಟಾಗ ನಮ್ಮ ಯಜಮಾನರು ಕೊಂಡು ಮೂಡಲಗಿಯ ತಮ್ಮ ವೆಲ್ಡಿಂಗ್ ಶೆಡ್ಡಿಗೆ ತಂದು ನಿಲ್ಲಿಸಿದರು. ಕಬ್ಬು ಹೇರುವ ಟ್ರೇಲರುಗಳನ್ನು ಕಟ್ಟುವುದು, ಮುರಿದವನ್ನು ಬೆಸೆಯುವುದು ಅವರ ದಿನದ ಕೆಲಸ. ಅದು ಮುಗಿದ ಮೇಲೆ ಸಂಜೆ ವ್ಯಾನಿನೊಳಗೆ ಹೋಗಿ ಕೂರುತ್ತಿದ್ದರು. ಸೀಟುಗಳನ್ನು ಬಿಚ್ಚಿದರು. ಹಿಂದೆ ಮಂಚ ಮಾಡಿದರು, ಅದರ ಕೆಳಗೆ ಪಾತ್ರೆ ಇಡಲು ಡ್ರಾವರು. ಬಾಗಿಲ ಬಾಜೂಕ್ಕೆ ಗ್ಯಾಸಿನ ಒಲೆ, ನೀರಿನ ಟಾಕಿ, ಮಡಚಿಟ್ಟರೆ ಗೋಡೆಯಾಗುವ ಮೇಜು. ಓಣಿಯವರು ಬಂದು ನೋಡಿ, “ಇದರಾಗ ಸಂಸಾರ ಮಾಡಾವ್ರೇನ್ರಿ?” ಎಂದು ನಗುತ್ತಿದ್ದರು. ಯಜಮಾನರೂ ನಕ್ಕು ಮತ್ತೆ ಕೆಲಸಕ್ಕೆ ಕೂರುತ್ತಿದ್ದರು.

ದಸರಾ ಸೂಟಿಯಲ್ಲಿ ಹಿಡಕಲ್ ಡ್ಯಾಮಿನ ಹಿನ್ನೀರು ನೋಡಿಕೊಂಡು, ಗಡಿಯಾಚೆಯ ಆಂಬೋಲಿ ಘಾಟು ಇಳಿದು, ಸಮುದ್ರದ ತನಕ ಹೋಗುವುದೆಂದು ಮಾತಾಗಿತ್ತು. ಅತ್ತೆ ಎಪ್ಪತ್ತು ದಾಟಿದವರು. ಸಮುದ್ರವನ್ನು ಟಿವಿಯಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿರಲಿಲ್ಲ. ಹೊರಡಲು ಎರಡು ತಿಂಗಳಿರುವಾಗ ಯಜಮಾನರು ಟ್ರೇಲರಿನ ಮೇಲಿಂದ ಜಾರಿ ಬಿದ್ದು ಬಲಗಡೆಯ ಭುಜ ಮುರಿದುಕೊಂಡರು. ಪಟ್ಟಿ ಬಿಚ್ಚಿದ ಮೇಲೂ, ಸದ್ಯಕ್ಕೆ ಸ್ಟೇರಿಂಗ್ ಹಿಡಿಯುವ ಹಾಗಿಲ್ಲ ಎಂದು ಡಾಕ್ಟರು ಹೇಳಿದರು.

ಪ್ರವಾಸ ಮುಗಿಯಿತು ಅಂದುಕೊಂಡೆ. ಊಟಕ್ಕೆ ಕೂತಾಗ ಅವರು ಎಡಗೈಯಲ್ಲಿ ಚಮಚ ಹಿಡಿದುಕೊಂಡೇ ಹೇಳಿದರು: “ಗಾಡಿ ನೀನ ಹೊಡಿ.”

“ನಾ?”

“ಟ್ರ್ಯಾಕ್ಟರ್ ಹೊಡದಾಕಿಗೆ ವ್ಯಾನ್ ಏನು ದೊಡ್ಡದು?”

ಅದು ಖರೆ. ತುಕ್ಕಾನಟ್ಟಿಯ ತವರಿನಲ್ಲಿ ಬಿತ್ತನೆಯ ಹೊತ್ತಿಗೆ ಆಳು ಸಿಗದಿದ್ದರೆ ಅಪ್ಪ ನನ್ನನ್ನೇ ಟ್ರ್ಯಾಕ್ಟರ್ ಮೇಲೆ ಕೂರಿಸುತ್ತಿದ್ದ. ಆದರೆ ಹೊಲದಲ್ಲಿ ಎದುರಿಗೆ ಯಾರೂ ಬರುವುದಿಲ್ಲ. ಮದುವೆಯಾದ ಮೇಲೆ ನನ್ನ ಕೈಗೆ ಸಿಕ್ಕಿದ್ದು ಸ್ಕೂಟಿ ಮಾತ್ರ. ಗೋಕಾಕದ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿತು ಲೈಸೆನ್ಸ್ ಮಾಡಿಸಿಟ್ಟಿದ್ದೆ, ಅದು ಕಪಾಟಿನಲ್ಲೇ ಇತ್ತು. ಮರುದಿನದಿಂದ ಬೆಳಗ್ಗೆ ಎದ್ದು, ಯಜಮಾನರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೂಡಲಗಿಯಿಂದ ಗೋಕಾಕಕ್ಕೆ, ಗೋಕಾಕದಿಂದ ಕೊಣ್ಣೂರಿಗೆ ಹೊಡೆದೆ. ಅವರು ಬೈಯಲಿಲ್ಲ. ಎದುರಿಗೆ ಲಾರಿ ಬಂದಾಗ ಎಡಗೈಯಿಂದ ಬಾಗಿಲ ಹಿಡಿ ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದರು, ಅಷ್ಟೆ. ಸಂತೆಯ ದಿನ ಗೋಕಾಕದ ಪೇಟೆಯೊಳಗೆ ಒಂದು ಸುತ್ತು ಹಾಕಿ, ಯಾರಿಗೂ ತಾಗಿಸದೆ ಹೊರಗೆ ಬಂದ ದಿನ, “ಇನ್ನ ಎಲ್ಲಿ ಬೇಕಾದ್ರೂ ಹೋಗಬಹುದು” ಎಂದರು.

ಅತ್ತೆ ಮಾತ್ರ ಒಪ್ಪಲಿಲ್ಲ. ವಿಭೂತಿ ಹಚ್ಚಿಕೊಳ್ಳುತ್ತ, ನನ್ನ ಕಡೆ ನೋಡದೆ ಹೇಳಿದರು: “ನೀವು ಮುಂದ ಹೋಗ್ರಿ. ನಾ ಬಸ್ಸಿಗೆ ಬರ್ತೇನಿ.”

ಒಂಬತ್ತನೇ ತರಗತಿ ಓದುವ ಮಗಳು ಕೇಳಿದಳು, “ಆಯಿ, ನಾವು ಕೆರಿ ದಂಡಿಗೆ ಇಳಕೊಂಡ್ರ ನಿನ್ನ ಬಸ್ ಅಲ್ಲಿಗೆ ಬರ್ತೈತೇನು?”

ಹೊರಡುವ ದಿನ ಅತ್ತೆ ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಹಿಂದಿನ ಮಂಚದ ಮೇಲೆ ಕೂತರು. ಒಂದು ಕೈ ಕಂಬಿಯ ಮೇಲೆ, ಇನ್ನೊಂದು ಕೊರಳಿನ ಲಿಂಗದ ಮೇಲೆ. ನಾನು ಕನ್ನಡಿಯಲ್ಲಿ ನೋಡಿದಾಗೆಲ್ಲ ಹಾಗೇ ಇದ್ದರು.

ಗೋಕಾಕ ಫಾಲ್ಸಿನಲ್ಲಿ ಇನ್ನೂ ನೀರು ಜೋರಾಗಿತ್ತು. ಮೊದಲೇ ನೋಡಿದ ಜಲಪಾತವಾದರೂ ಪ್ರವಾಸಿಗರ ಹಾಗೆ ನಿಂತು ಫೋಟೋ ತೆಗೆಸಿಕೊಂಡೆವು. ಸಂಜೆಯ ಹೊತ್ತಿಗೆ ಹುಕ್ಕೇರಿ ತಾಲೂಕಿನ ಹಿಡಕಲ್ ತಲುಪಿ, ಒಬ್ಬ ರೈತರನ್ನು ಕೇಳಿ ಅವರ ಹೊಲದ ಅಂಚಿನಲ್ಲಿ, ಹಿನ್ನೀರಿಗೆ ಮುಖ ಮಾಡಿ ವ್ಯಾನು ನಿಲ್ಲಿಸಿದೆವು. ಬೆಳಗ್ಗೆ ಬಾಗಿಲು ಸರಿಸಿದರೆ ನೀರು ಕಣ್ಣು ಹಾಯುವಷ್ಟು ದೂರ ಬೆಳ್ಳಗೆ ಹರಡಿತ್ತು, ಆಚೆ ದಂಡೆಯ ಗುಡ್ಡ ನೀಲಿಯಾಗಿತ್ತು. ಅತ್ತೆ ಆಗಲೇ ಎದ್ದು ಚಹಾ ಕುದಿಸುತ್ತಿದ್ದರು. ಮಗ ಮಾಡಿದ ಡ್ರಾವರನ್ನು ಎಳೆದರು, ಮುಚ್ಚಿದರು, ಮತ್ತೆ ಎಳೆದರು. “ಸಪ್ಪಳ ಸುದ್ದಾ ಇಲ್ಲ ನೋಡು” ಎಂದು ನನಗೆ ಹೇಳಿದರು. ಮಗನ ಎದುರು ಹೇಳಲಿಲ್ಲ. ಯಜಮಾನರು ನೀರಿನ ದಂಡೆಯಲ್ಲಿ ಮಗಳ ಜೊತೆ ಕಲ್ಲು ಎಸೆಯುತ್ತಿದ್ದರು, ಎಡಗೈಯಲ್ಲಿ.

ಯಮಕನಮರಡಿಯ ಹತ್ತಿರ ಹೆದ್ದಾರಿ ಹತ್ತಿದಾಗ ಎಡಗಡೆಯ ಅಂಚು ಬಿಡದೆ ಹೊಡೆದೆ. ಲಾರಿಗಳು ಪಕ್ಕದಿಂದ ಹಾಯ್ದಾಗ ವ್ಯಾನು ಅಲುಗುತ್ತಿತ್ತು. ಒಂದಷ್ಟು ದೂರ ಹೋದ ಮೇಲೆ ಅದರ ಲಯ ಸಿಕ್ಕಿತು. ಸಂಕೇಶ್ವರ ದಾಟಿ ಹೆದ್ದಾರಿ ಬಿಟ್ಟು ಆಜರಾ ಕಡೆಗೆ ತಿರುಗಿದ ಮೇಲೆ ಕಬ್ಬು ಕಡಿಮೆಯಾಗುತ್ತ, ಗುಡ್ಡಗಳು ಎರಡೂ ಕಡೆಯಿಂದ ಹತ್ತಿರ ಬಂದವು. ಆ ದಿನ ಆಂಬೋಲಿಯಲ್ಲೇ ಉಳಿದೆವು.

ಮರುದಿನ ಮುಂಜಾನೆ ಘಾಟು ಇಳಿಯಲು ಶುರುಮಾಡಿದಾಗ ಮಂಜು ಇತ್ತು. ಎರಡನೇ ಗೇರಿನಲ್ಲಿ, ಬ್ರೇಕಿಗೆ ಹೆಚ್ಚು ಕೆಲಸ ಕೊಡದೆ ಇಳಿಯುತ್ತಿದ್ದೆ. ಒಂದು ಜಲಪಾತದ ಹತ್ತಿರ ಜನ ಕಾರುಗಳನ್ನು ರಸ್ತೆಯಲ್ಲೇ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದರು. ಅದನ್ನು ದಾಟಿ ಮುಂದಿನ ಕಡಿದಾದ ತಿರುವಿಗೆ ಬಂದರೆ, ಕೆಳಗಿನಿಂದ ಬಸ್ಸೊಂದು ಏರಿ ಬಂದು ತಿರುವಿನ ನಡುವೆ ನಿಂತುಬಿಟ್ಟಿತು. ಒಳಗಡೆಯ ಅಂಚಿನಲ್ಲಿ ಗುಡ್ಡದ ಕಲ್ಲುಗಳು ಉರುಳಿ ಬಿದ್ದಿದ್ದವು. ಬಸ್ಸು ಏರಬೇಕಾದರೆ ನಾನು ಹಿಂದಕ್ಕೆ ಸರಿಯಬೇಕು. ಹಿಂದಕ್ಕೆಂದರೆ ಏರಿನ ಮೇಲೆ, ಮಂಜಿನಲ್ಲಿ, ಒಂದು ಕಡೆ ಕಣಿವೆ. ನನ್ನ ಬೆನ್ನಿಗೆ ಆಗಲೇ ಕಾರುಗಳು ಬಂದು ಹಾರ್ನ್ ಹೊಡೆಯುತ್ತಿದ್ದವು.

ಹಿಂದಿನ ಕಾರಿನಿಂದ ಒಬ್ಬ ಮನುಷ್ಯ ಇಳಿದು ಬಂದು ಕಿಟಕಿಯೊಳಗೆ ಬಗ್ಗಿದ. ನನ್ನನ್ನು ದಾಟಿ ಯಜಮಾನರಿಗೆ ಮರಾಠಿಯಲ್ಲಿ ಹೇಳಿದ, ಇವರನ್ನು ಇಳಿಸಿ, ನೀವು ಗಾಡಿ ತಗೊಳ್ಳಿ, ಇಲ್ಲದಿದ್ದರೆ ನನ್ನ ಕೈಗೆ ಕೊಡಿ, ಇದು ಹೆಂಗಸರ ಕೆಲಸ ಅಲ್ಲ ಅಂತ.

ಯಜಮಾನರು ಬಾಯಿ ತೆರೆಯುವ ಮೊದಲೇ ಹಿಂದಿನ ಬಾಗಿಲು ಸರಿದ ಸಪ್ಪಳ ಕೇಳಿಸಿತು. ಅತ್ತೆ ಇಳಿದಿದ್ದರು. ಅವರ ತವರು ಸಂಕೇಶ್ವರದ ಕಡೆಯ ಹಳ್ಳಿ, ಮರಾಠಿ ಅವರಿಗೆ ಕನ್ನಡದಷ್ಟೇ ಸಲೀಸು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಆ ಮನುಷ್ಯನ ಎದುರು ನಿಂತು, “ಸೂನ ಆಹೆ ಮಾಝಿ” ಎಂದರು, ನನ್ನ ಸೊಸೆ ಅಂತ. ಆಮೇಲೆ ಕನ್ನಡದಲ್ಲೇ ಮುಂದುವರಿಸಿದರು. “ಗಾಡಿ ಹೊಡಿಯಾಕಿ ನಮ್ಮ ಸೊಸಿ. ಮೂಡಲಗಿಯಿಂದ ಇಲ್ಲೀಮಟ ಆಕೀನ ತಂದಾಳ. ನೀ ನಿನ್ನ ಗಾಡಿ ಹಿಂದಕ್ಕ ತಗೋ, ಆಕೀಗೆ ಜಾಗಾ ಬೇಕು.”

ಅವನಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ಅತ್ತೆ ಅವನಿಗಾಗಿ ಕಾಯಲೂ ಇಲ್ಲ. ಹಿಂದೆ ಹೋಗಿ, ಒಂದೊಂದೇ ಕಾರಿನ ಬಾನೆಟ್ಟಿನ ಮೇಲೆ ಅಂಗೈ ಬಡಿದು, ಮರಾಠಿಯಲ್ಲಿ ಗದರಿಸಿ ಎಲ್ಲವನ್ನೂ ಹಿಂದಕ್ಕೆ ತಳ್ಳಿದರು. ಮಗಳೂ ಇಳಿದು ಕಣಿವೆಯ ಕಡೆ ನಿಂತಳು. ಕನ್ನಡಿಯಲ್ಲಿ ಮಂಜಿನ ನಡುವೆ ಅತ್ತೆಯ ಹಸಿರು ಸೀರೆಯೊಂದೇ ಸ್ಪಷ್ಟವಾಗಿ ಕಾಣುತ್ತಿತ್ತು.

“ಬರ್ಲಿ,” ಎಂದು ಕೂಗಿದರು. “ಸಾವಕಾಶ. ಬರ್ಲಿ. ಎಡಕ್ಕ ಸ್ವಲ್ಪ.”

ಹ್ಯಾಂಡ್ ಬ್ರೇಕ್ ಬಿಟ್ಟು, ಕ್ಲಚ್ಚನ್ನು ಹಿಡಿದು ಹಿಡಿದು ಬಿಡುತ್ತ ಹಿಂದಕ್ಕೆ ಏರಿಸಿದೆ. ಒಮ್ಮೆ ವ್ಯಾನು ಮುಂದಕ್ಕೆ ಜಾರಿತು. ಎದುರಿಗೆ ಬಸ್ಸಿನ ಮುಖ ದೊಡ್ಡದಾಯಿತು. ಬ್ರೇಕ್ ಒತ್ತಿ, ಉಸಿರು ಬಿಟ್ಟು ಮತ್ತೆ ಶುರುಮಾಡಿದೆ. ಹೊಲದಲ್ಲಿ ಟ್ರ್ಯಾಕ್ಟರನ್ನು ಏರಿಯ ಮೇಲೆ ಹಿಂದಕ್ಕೆ ತರುವಾಗ ಕ್ಲಚ್ಚಿನ ಮೇಲೆ ಕಾಲು ಹೇಗೆ ಇರುತ್ತಿತ್ತೋ ಹಾಗೆಯೇ ಇತ್ತು. ರಸ್ತೆ ಅಗಲವಾದ ಜಾಗ ಸಿಕ್ಕಿ, ಗುಡ್ಡಕ್ಕೆ ಒತ್ತಿ ನಿಲ್ಲಿಸಿದಾಗ ಬಸ್ಸು ಮೆಲ್ಲಗೆ ತಿರುವು ತೆಗೆದುಕೊಂಡು ಮೇಲೆ ಬಂತು. ಹಾಯುವಾಗ ಚಾಲಕರು ನನ್ನ ಕಡೆ ನೋಡಿ ಹಣೆಗೆ ಕೈ ಒಯ್ದರು. ಆ ಒಂದು ಕೈಸನ್ನೆಯನ್ನು ನಾನು ಈಗಲೂ ಯಾರಾದರೂ ಕೇಳಿದರೆ ಮಾಡಿ ತೋರಿಸುತ್ತೇನೆ.

ಅತ್ತೆ ಬಂದು ಹಿಂದೆ ಹತ್ತಲಿಲ್ಲ. ಮುಂದಿನ ಬಾಗಿಲು ತೆಗೆದು ಮಗನಿಗೆ, “ನೀ ಹಿಂದ ಹೋಗು, ಭುಜಕ್ಕ ಆರಾಮ ಆಗ್ತೈತಿ” ಎಂದು ನನ್ನ ಪಕ್ಕ ಕೂತರು. ಕೆಳಗಿಳಿದು ಮಂಜು ಸರಿದಾಗ, ಎದುರಿನ ರಸ್ತೆಯನ್ನೇ ನೋಡುತ್ತ ತಾವಾಗಿಯೇ ಹೇಳಿದರು, “ಮದಿವಿಕಿಂತ ಮೊದಲ ನಾ ಚಕ್ಕಡಿ ಹೊಡಿತಿದ್ನಿ. ಸಂಕೇಶ್ವರ ಸಂತಿಗೆ ಮೆಣಸಿನಕಾಯಿ ಹೇರಕೊಂಡು. ನಿಂತ ಹೊಡಿತಿದ್ನಿ.”

“ಒಮ್ಮೆನೂ ಹೇಳಿಲ್ಲಲ್ರಿ ಅತ್ತಿ?”

“ಯಾರು ಕೇಳಿದ್ರಿ? ಈ ಮನಿಗೆ ಬಂದ ಮ್ಯಾಲ ಎತ್ತಿನ ಹಗ್ಗ ಗಂಡಸರ ಕೈಯಾಗ ಇತ್ತು.”

ಹಿಂದಿನಿಂದ ಯಜಮಾನರು, “ಖರೇನ, ಅವ್ವಾ?” ಎಂದರು. ಅವರಿಗೂ ಅದು ಹೊಸ ಸುದ್ದಿ.

ಮಧ್ಯಾಹ್ನಕ್ಕೆ ವೆಂಗುರ್ಲಾ ತಲುಪಿದೆವು. ತೆಂಗಿನ ಮರಗಳ ನಡುವಿನ ಕೆಂಪು ದಾರಿ ಮುಗಿದಲ್ಲಿ ಸಮುದ್ರ ಇತ್ತು. ಅತ್ತೆ ಚಪ್ಪಲಿ ವ್ಯಾನಿನಲ್ಲೇ ಬಿಟ್ಟು ಮರಳಿನ ಮೇಲೆ ನಡೆದು ಹೋದರು. ಮೊದಲ ಅಲೆ ಪಾದಕ್ಕೆ ಬಂದು ಹೋದಾಗ ಕಾಲ ಕೆಳಗಿನ ಮರಳು ಜಾರಿತು. ನಾನು ಹಿಡಿಯಲು ಹೋದೆ. ಅವರೇ ನನ್ನ ರಟ್ಟೆ ಹಿಡಿದು ಕೆಳಗೆ ಕೂರಿಸಿದರು. ಇಬ್ಬರೂ ಸೀರೆ ಸಮೇತ ನೀರಿನಲ್ಲಿ ಕೂತೆವು. ಅಲೆ ಬಂದಾಗ ಎದೆಯ ತನಕ ತೊಯ್ಯುತ್ತಿತ್ತು, ಹೋದಾಗ ಮಡಿಲಲ್ಲಿ ಮರಳು ಉಳಿಯುತ್ತಿತ್ತು. ಮಗಳು ನಗುತ್ತ ಸುತ್ತ ಓಡುತ್ತಿದ್ದಳು. ಯಜಮಾನರು ವ್ಯಾನಿನ ಮೆಟ್ಟಿಲ ಮೇಲೆ ಕೂತು ಒಲೆ ಹಚ್ಚಿ ಚಹಾ ಇಟ್ಟಿದ್ದರು.

ಮೂರು ದಿನ ಅಲ್ಲೇ ಇದ್ದೆವು. ವಾಪಸು ಬರುವಾಗ ಘಾಟು ಏರುವುದಿತ್ತು. ಏರುವುದು ಇಳಿಯುವುದಕ್ಕಿಂತ ಸಲೀಸು ಎಂದು ಅಂದು ತಿಳಿಯಿತು. ಅತ್ತೆ ಮುಂದಿನ ಸೀಟಿನಲ್ಲೇ ಇದ್ದರು, ತಿರುವು ಬಂದಾಗೆಲ್ಲ ನನಗಿಂತ ಮೊದಲು, “ಹಾರ್ನ್” ಎನ್ನುತ್ತಿದ್ದರು.

ಊರಿಗೆ ಬಂದು ಸ್ವಲ್ಪ ದಿನವಾದ ಮೇಲೆ ಹುಕ್ಕೇರಿಯ ಸಂಬಂಧಿಕರ ಮನೆಯಲ್ಲಿ ನಿಶ್ಚಯ ಕಾರ್ಯ ಬಂತು. ಓಣಿಯ ಹೆಂಗಸರೆಲ್ಲ ಹೋಗುವುದು ಹೇಗೆ, ಯಾವ ಡ್ರೈವರ್‌ಗೆ ಹೇಳುವುದು ಎಂದು ಕಟ್ಟೆಯ ಮೇಲೆ ಮಾತು ನಡೆದಿತ್ತು. ನಾನು ಒಳಗೆ ಹಿಟ್ಟು ನಾದುತ್ತಿದ್ದೆ. ಅತ್ತೆ ನನ್ನನ್ನು ಕೇಳದೆಯೇ ಹೊರಗೆ ಹೇಳುವುದು ಕೇಳಿಸಿತು:

“ಮುಂಜಾನೆ ಲಗೂನ ತಯಾರಾಗಿ ನಿಂದರ್ರಿ. ನಮ್ಮ ಸೊಸಿ ಯಾರಿಗೂ ಕಾಯೂದಿಲ್ಲ.”