ಸೈಕಲ್ಲಿಗೆ ಸುಳಿ ನೋಡಿದ ವಿಶ್ವರಾಧ್ಯ

ದೋರನಹಳ್ಳಿಯಲ್ಲಿ ಎತ್ತು ಕೊಳ್ಳಲು ಹೊರಟವರು ಮೊದಲು ಬುತ್ತಿ ಕಟ್ಟುತ್ತಿದ್ದರು, ಆಮೇಲೆ ವಿಶ್ವರಾಧ್ಯನನ್ನು ಕರೆಯುತ್ತಿದ್ದರು. ಸಂತೆಯಲ್ಲಿ ಅವನ ರುಮಾಲು ಕಂಡರೆ ಸಾಕು, ಮಾರುವವರ ಮುಖ ಇಳಿಯುತ್ತಿತ್ತು! ಗೊರಸು ನೋಡಿ, ಬಾಯಿ ಬಿಡಿಸಿ ಹಲ್ಲು ನೋಡಿ, ಮೈಮೇಲಿನ ಕೂದಲು ಎಲ್ಲೆಲ್ಲಿ ಸುತ್ತಿಕೊಂಡು ಸುಳಿಯಾಗಿದೆ, ಅದರಲ್ಲಿ ಒಳ್ಳೆಯದು ಯಾವುದು ಕೇಡಿನದು ಯಾವುದು ಎಂದು ಕೈಯಾಡಿಸಿ, "ಒಯ್ರಿ" ಅಂದರೆ ಒಯ್ಯಬೇಕು, "ಬಿಡ್ರಿ" ಅಂದರೆ ಬಿಡಬೇಕು. ಅವನು ಆರಿಸಿದ ಎತ್ತು ನೊಗದ ಕೆಳಗೆ ಒಮ್ಮೆಯೂ ಮಲಗಿಲ್ಲ ಎಂದು ಊರು ಹೇಳುತ್ತಿತ್ತು. ಊರಿಗಿಂತ ಜೋರಾಗಿ ಅವನೇ ಹೇಳುತ್ತಿದ್ದ. ಈಗ ಊರ ತುಂಬ ಟ್ರ್ಯಾಕ್ಟರು, ಅವನನ್ನು ಕರೆಯುವವರು ಕಡಿಮೆ. ಆದರೂ ಅವನ ಇಜ್ಜತ್ತೆಲ್ಲ ಆ ಒಂದು ಮಾತಿನ ಮೇಲೆಯೇ ನಿಂತಿತ್ತು.

ಅಂಥವನು ಆರಿಸಲು ಹೋದದ್ದು ರೇಸಿನ ಸೈಕಲ್ಲು.

ತಮ್ಮನ ಮಗಳು ಕಸ್ತೂರಿ ಶಹಾಪುರದ ಕಾಲೇಜಿನಲ್ಲಿ ಓದುತ್ತಿದ್ದಳು. ಗೆಳತಿಯ ಸೈಕಲ್ ತುಳಿದು ಕಾಲೇಜಿನ ರೇಸಿನಲ್ಲಿ ಎಲ್ಲರನ್ನೂ ಹಿಂದೆ ಹಾಕಿದ್ದಳು. ಮುಂದಿನ ಭಾನುವಾರ ಸುರಪುರದಲ್ಲಿ ಆಯ್ಕೆಯ ರೇಸು. ಮೊದಲ ಇಬ್ಬರಿಗೆ ಕ್ರೀಡಾ ಹಾಸ್ಟೆಲಿನಲ್ಲಿ ಜಾಗ, ಓದು, ತರಬೇತಿ. ಅವಳಿಗೆ ಬೇರೇನೂ ಬೇಕಿರಲಿಲ್ಲ. "ನಮ್ಮ ಮನಿ ಹುಡುಗಿ ಮಂದಿ ಸೈಕಲ್ ತುಳಿಯೂದು ಬ್ಯಾಡ, ನಾನೇ ಕೊಡಸ್ತೀನಿ" ಎಂದು ಎದ್ದವನು ದೊಡ್ಡಪ್ಪ. ಅಲ್ಲಿಂದಲೇ ಜಗಳ ಶುರು.

ಯಾದಗಿರಿಯ ಅಂಗಡಿಯಲ್ಲಿ ಮಾಲೀಕ ಲಕ್ಷ್ಮಿಕಾಂತ ಟೇಪು ಹಿಡಿದು ಕಸ್ತೂರಿಯನ್ನು ಗೋಡೆಗೆ ನಿಲ್ಲಿಸಿದ, ಕಾಲಿನ ಉದ್ದ ಅಳೆದ, ಒಂದು ಸಣ್ಣ ನೀಲಿ ಸೈಕಲ್ಲಿನ ಕಡೆ ಕೈ ಚಾಚಿದ. ವಿಶ್ವರಾಧ್ಯ ಆ ಕಡೆ ನೋಡಲೇ ಇಲ್ಲ. ಮೂಲೆಯಲ್ಲಿ ಧೂಳು ಮುಕ್ಕಿದ ದೊಡ್ಡ ಕೆಂಪು ಸೈಕಲ್ಲೊಂದು ನಿಂತಿತ್ತು.

"ಇದು ನೋಡು! ಏನ್ ಎತ್ರ, ಏನ್ ಠೀವಿ!"

"ದೊಡ್ಡಪ್ಪಾ, ಅದು ಆರಡಿ ಗಂಡಸರದು. ನಂಗ ನೆಲ ಸಿಗಂಗಿಲ್ಲ, ಹ್ಯಾಂಡಲ್ಲೂ ಸಿಗಂಗಿಲ್ಲ."

"ಗಿಡ್ಡ ಎತ್ತು ಹೂಡಿ ಯಾರರ ಉದ್ಧಾರ ಆಗ್ಯಾರೇನು?"

"ಇದು ಎತ್ತಲ್ಲ!"

"ನಂಗೂ ಕಾಣತದ. ಎತ್ತಾದ್ರ ಸುಮ್ನರ ನಿಂದರ್ತದ, ನಿನ್ನಂಗ ಎದುರು ಮಾತಾಡಂಗಿಲ್ಲ."

ಕಸ್ತೂರಿಗೆ ಮೈಯೆಲ್ಲ ಉರಿಯಿತು. ಸುರಪುರದ ಏರು ಹತ್ತಲು ಹಿಂದಿನ ಹಲ್ಲಿನ ಚಕ್ರ ದೊಡ್ಡದಿರಬೇಕು, ಆಗ ಪೆಡಲ್ಲು ಹಗುರಾಗುತ್ತದೆ, ಈ ಕೆಂಪಿನದರಲ್ಲಿ ಮುಂದಿನದೇ ದೊಡ್ಡದು, ಹಿಂದಿನದು ಅಂಗೈಯಷ್ಟೂ ಇಲ್ಲ ಎಂದು ಒಂದೇ ಉಸಿರಿನಲ್ಲಿ ಹೇಳಿದಳು.

"ತೊಡ್ಯಾಗ ತಾಕತ್ ಇದ್ರ ಹಗುರ ಯಾಕ್ ಬೇಕು?" ಎಂದ ದೊಡ್ಡಪ್ಪ.

ಯಾರೂ ಒಯ್ಯದ ಕೆಂಪು ಸೈಕಲ್ಲು ಕೊನೆಗೂ ಹೋಗುತ್ತದೆಂದು ಲಕ್ಷ್ಮಿಕಾಂತನ ಕಣ್ಣು ಅರಳಿತು. ಟೇಪನ್ನು ಸುತ್ತಿ ಜೇಬಿಗೆ ಹಾಕಿಕೊಂಡ. "ಯಜಮಾನ್ರ ಕಣ್ಣಂದ್ರ ಕಣ್ಣು ನೋಡ್ರಿ! ಸೀಟು ಜರಾ ಇಳಸ್ತೀನಿ, ಬರಾಬರಿ ಕುಂದರ್ತದ."

"ಈಗೇ ನೀಲಿದು ತೋರಿಸಿದ್ರಲ್ರಿ!" ಎಂದು ಕಸ್ತೂರಿ ಹಲ್ಲು ಕಡಿದಳು. ಲಕ್ಷ್ಮಿಕಾಂತ ಫ್ಯಾನಿನ ಕಡೆ ನೋಡಿದ. ವಿಶ್ವರಾಧ್ಯ ಕೆಂಪು ಸೈಕಲ್ಲಿನ ಸೀಟನ್ನು ಎತ್ತಿನ ಬೆನ್ನಿನಂತೆ ಚಪ್ಪರಿಸಿದ. ವ್ಯಾಪಾರ ಮುಗಿಯಿತು.

ಮನೆಯಲ್ಲಿ ದೊಡ್ಡವ್ವ ಗೊಲ್ಲಾಳಮ್ಮ ಸೈಕಲ್ಲಿಗೆ ಕುಂಕುಮ ಹಚ್ಚಿ, ದೂರ ನಿಂತು ನೋಡಿ ಕೇಳಿದಳು: "ಸೈಕಲ್ ಮ್ಯಾಲ ಹುಡುಗಿ ಕುಂದರ್ತಾಳೋ, ಹುಡುಗಿ ಮ್ಯಾಲ ಸೈಕಲ್ ಕುಂದರ್ತದೋ?"

"ನಿನ್ನ ರೊಟ್ಟಿ ಸುಡಾಕತ್ತಾವ, ಒಳಗ ನಡಿ."

ಸೀಟು ಎಷ್ಟು ಇಳಿಸಿದರೂ ಕಸ್ತೂರಿಯ ಕಾಲು ಪೆಡಲ್ಲಿನ ಕೆಳತುದಿಗೆ ಸರಿಯಾಗಿ ಮುಟ್ಟಲಿಲ್ಲ. ಹ್ಯಾಂಡಲ್ಲಿಗೆ ಚಾಚಿ ಚಾಚಿ ಅಂಗೈ ಜೋಮು ಹಿಡಿಯಿತು, ಕುತ್ತಿಗೆ ಸೆಟೆಯಿತು. ಬೆರಳ ತುದಿ ಬ್ರೇಕಿಗೆ ತಾಗಿ ತಾಗದಂತೆ ಜಾರುತ್ತಿತ್ತು. ಊರ ಕ್ರಾಸಿನಲ್ಲಿ ಎಮ್ಮೆ ಅಡ್ಡ ಬಂದಾಗ ನಿಲ್ಲಿಸಲು ಹೋಗಿ, ಕಾಲು ನೆಲಕ್ಕೆ ಸಿಗದೆ, ಚಹಾ ಅಂಗಡಿಯ ಮುಂದೆ ದಬಾರನೆ ಬಿದ್ದಳು. ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಅವಳು ಕೆಂಪು ಸೈಕಲ್ಲನ್ನು ನೂಕಿಕೊಂಡು ಬಂದು ದನದ ಕೊಟ್ಟಿಗೆಯಲ್ಲಿ ಎಸೆದಳು.

"ನಾ ಇದನ್ನ ಹತ್ತಂಗಿಲ್ಲ. ರೇಸಿಗೂ ಹೋಗಂಗಿಲ್ಲ. ಯಾಕಂತ ಊರ ಮಂದಿ ಕೇಳಿದ್ರ ಹೇಳ್ತೀನಿ, ನಮ್ಮ ದೊಡ್ಡಪ್ಪ ಆರಿಸಿದ್ದು ಮಲಗ್ಯಾದ ಅಂತ!"

ಆ ಮಾತು ಚಾಟಿಯಂತೆ ಬಿತ್ತು. ಅಂದಿನಿಂದ ಇಬ್ಬರ ನಡುವೆ ಮಾತಿಲ್ಲ. ಒಂದೇ ಪಡಸಾಲೆಯಲ್ಲಿ ಕೂತು, ಗೊಲ್ಲಾಳಮ್ಮನ ಮುಖ ನೋಡಿ ಜಗಳವಾಡಿದರು.

"ಆಕಿಗಿ ತುಳಿಯಾಕ ಬರಂಗಿಲ್ಲ ಅಂತ ಹೇಳು."

"ಅವಗ ನೋಡಾಕ ಬರಂಗಿಲ್ಲ ಅಂತ ಹೇಳು ದೊಡ್ಡವ್ವ."

"ನನ್ನ ಮುಂದ ತುಳದು ತೋರಸಂತ ಹೇಳು!"

"ನಿಮ್ಮಿಬ್ಬರ ನಡುವ ನನ್ನ ಬಾಯೇ ಸೈಕಲ್ ಆಗ್ಯಾದ" ಎಂದು ಗೊಲ್ಲಾಳಮ್ಮ ಮೊರ ಎತ್ತಿಕೊಂಡು ಎದ್ದು ಹೋದಳು.

ಎತ್ತಿನ ಪರೀಕ್ಷೆಗೂ ಒಂದು ಕ್ರಮವಿದೆ. ಬಂಡಿಗೆ ಹೂಡಿ ಮುಂದೆ ಬಿಡಬೇಕು, ನೋಡುವವನು ಹಿಂದೆ ನಡೆಯಬೇಕು. ಮುಂದಿನಿಂದ ಎಲ್ಲ ಎತ್ತೂ ಚಂದವೇ, ಸುಳ್ಳು ಗೊತ್ತಾಗುವುದು ಹಿಂದಿನಿಂದ. ಕಸ್ತೂರಿ ಹಟಕ್ಕೆ ಬಿದ್ದು ಕೆಂಪು ಸೈಕಲ್ ಹತ್ತಿದಳು, ವಿಶ್ವರಾಧ್ಯ ಮೋಟರ್‌ಸೈಕಲ್ಲಿನಲ್ಲಿ ಶಹಾಪುರದ ರಸ್ತೆ ಹಿಡಿದು ಹಿಂದೆಯೇ ಹೊರಟ. ಆಕೆ ತುಳಿದಂತೆಲ್ಲ ಸೊಂಟ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತಿತ್ತು. ಹೆಗಲು ಮುಂದಕ್ಕೆ ಎಳೆದು ಬಿಲ್ಲಾಗಿತ್ತು. ಅವಳು ನಿಲ್ಲಿಸಿ ಕತ್ತು ಒತ್ತಿಕೊಂಡಾಗ ಅವನೂ ಮೋಟರ್‌ಸೈಕಲ್ ನಿಲ್ಲಿಸಿದ.

ಈ ನಡಿಗೆ ಅವನಿಗೆ ಗೊತ್ತಿತ್ತು. ದೊಡ್ಡ ಎತ್ತಿನ ನೊಗ ಸಣ್ಣ ಎತ್ತಿನ ಮೇಲೆ ಬಿದ್ದಾಗಿನ ನಡಿಗೆ. ಹಾಗೆ ಹೂಡಿ ಹೆಗಲು ಹುಣ್ಣು ಮಾಡಿದವನೊಬ್ಬನಿಗೆ ಸಂತೆಯ ನಡುವೆ ಅವನು ಚಪ್ಪಲಿ ತೋರಿಸಿದ್ದ. ಸೈಕಲ್ಲನ್ನೇ ಎತ್ತೆಂದುಕೊಂಡು ಎತ್ತರ ನೋಡಿದ್ದನಲ್ಲ, ಎತ್ತಿನ ಜಾಗದಲ್ಲಿದ್ದವಳು ಹುಡುಗಿ! ಸೈಕಲ್ಲು ಬರೀ ನೊಗ. ನೊಗವನ್ನು ಅದರ ಠೀವಿ ನೋಡಿ ಯಾವ ಹುಚ್ಚ ಕೊಳ್ಳುತ್ತಾನೆ?

ಅದನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಹೇಳಿದರೆ ಇಡೀ ಬಾಳಿನ ಹೆಸರು ಮಣ್ಣು.

ಮರುದಿನ ಗೂಡ್ಸ್ ಆಟೋದಲ್ಲಿ ಕೆಂಪು ಸೈಕಲ್ಲನ್ನೂ ಕಸ್ತೂರಿಯನ್ನೂ ಹಾಕಿಕೊಂಡು ಯಾದಗಿರಿಗೆ ಬಂದ.

"ಮಾರಿದ ಮಾಲು ವಾಪಸ್ ಇಲ್ರಿ" ಎಂದ ಲಕ್ಷ್ಮಿಕಾಂತ.

"ಸುಳಿ ಅದ."

"ಏನದರೀ?"

ವಿಶ್ವರಾಧ್ಯ ಸೀಟಿನ ಕೆಳಗೆ ಬೆರಳಿಟ್ಟು ತೋರಿಸಿದ. ಅಲ್ಲಿ ಬಣ್ಣ ಉಂಗುರದಂತೆ ಸುತ್ತಿಕೊಂಡಿತ್ತು. "ಸವಾರಿ ಮಾಡವ್ರನ್ನ ಕೆಡವೋ ಸುಳಿ. ಧೂಳಾಗ ಮುಚ್ಚಿ ಮಾರೀದಿ. ಸುಳಿ ಮುಚ್ಚಿ ಮಾರಿದ್ರ ಎಂಥ ದಲ್ಲಾಳಿ ಸುದ್ದಾ ವಾಪಸ್ ತಗೋತಾನ."

ಎತ್ತಿನ ವ್ಯಾಪಾರದ ರಿವಾಜು ಅದೇ. ಎಣ್ಣೆ ಸವರಿ ಮುಚ್ಚಿಟ್ಟ ಸುಳಿ ಆಮೇಲೆ ಕಂಡರೆ ತಪ್ಪು ಮಾರಿದವನದು, ಆರಿಸಿದವನದಲ್ಲ.

"ಇದು ಕಂಪನಿ ಪೇಂಟ್ ರೀ, ಎತ್ತಿನ ಕೂದಲೇನ್ರಿ!"

"ಹೌದೇನು? ಸಂತ್ಯಾಗ ನಿಂತು ಕೇಳ್ಲೇನು ಮತ್ತ, ಲಕ್ಷ್ಮಿಕಾಂತ ಹಿಂಗ ಮಾರ್ಯಾನ, ಬರಾಬರಿ ಅದೇನ್ರಿ ಅಂತ?"

ಗಿರಾಕಿಗಳು ತಿರುಗಿ ನೋಡತೊಡಗಿದರು. ಲಕ್ಷ್ಮಿಕಾಂತ ಗೊಣಗುತ್ತ ಕೆಂಪಿನದನ್ನು ಒಳಗೆಳೆದುಕೊಂಡ.

"ಟೇಪ್ ತಗಿ. ಆಕಿ ಹೇಳಿದಂಗ ಅಳಿ. ತೋಳು, ಹೆಗಲು, ಕಾಲು. ಹಿಂದಿನ ಹಲ್ಲಿನ ಚಕ್ರ ದೊಡ್ಡದು ಹಾಕು."

ಸಣ್ಣ ನೀಲಿ ಸೈಕಲ್ಲು ಹೊರಬಂತು. ಕಸ್ತೂರಿ ಹತ್ತಿ ಕೂತಳು. ಮೊಣಕೈ ಸಡಿಲವಾಗಿ ಬಾಗಿತು, ಬೆರಳು ಬ್ರೇಕನ್ನು ಪೂರ್ತಿ ಸುತ್ತಿತು. ಖುಷಿ ಉಕ್ಕಿ ಬಂದರೂ ಅವಳು ಮುಖ ಸಡಿಲಿಸಲಿಲ್ಲ.

"ಸುಳಿ ಅಲ್ಲ ದೊಡ್ಡಪ್ಪ. ಅಳತಿ. ತಪ್ಪೀನಿ ಅಂತ ಒಂದ್ಸಲ ಅನ್ನು."

"ಸುಳಿ."

"ಅಳತಿ!"

"ಸುಳಿ ಅಂದೆ, ನಡಿ."

ಅವನು ಆಟೋದಲ್ಲಿ, ಅವಳು ನೀಲಿ ಸೈಕಲ್ಲಿನಲ್ಲಿ, ಒಬ್ಬರನ್ನೊಬ್ಬರು ನೋಡದೆ ದೋರನಹಳ್ಳಿಗೆ ಬಂದರು.

ಭಾನುವಾರ ಸುರಪುರದ ಏರಿನ ತುದಿಯಲ್ಲೇ ಗೆಲುವಿನ ಗೆರೆ. ವಿಶ್ವರಾಧ್ಯ ಯಾರಿಗೂ ಹೇಳದೆ ಬಂದು ಜನರ ನಡುವೆ ನಿಂತಿದ್ದ. ಏರಿನಲ್ಲಿ ಹುಡುಗಿಯರು ಒಬ್ಬೊಬ್ಬರಾಗಿ ಸೈಕಲ್ಲಿಂದ ಇಳಿದು ನೂಕತೊಡಗಿದರು. ಕಸ್ತೂರಿ ಸೀಟು ಬಿಟ್ಟೇಳಲಿಲ್ಲ, ಸೊಂಟ ಅಲುಗಲಿಲ್ಲ, ಕಾಲು ಮಾತ್ರ ಗಾಣದಂತೆ ತಿರುಗುತ್ತಿತ್ತು. ಎರಡನೆಯವಳಾಗಿ ಗೆರೆ ದಾಟಿದಳು. ಹಾಸ್ಟೆಲಿನ ಜಾಗ ಅವಳದಾಯಿತು!

"ಸೈಕಲ್ ಭಾರಿ ಅದ. ಯಾರ್ ಆರಿಸಿದ್ದು?" ಎಂದು ಪಕ್ಕದವನು ಕೇಳಿದ.

"ನಾನೇ" ಎಂದು ವಿಶ್ವರಾಧ್ಯ ರುಮಾಲು ಸರಿಮಾಡಿಕೊಂಡ.

ಅದು ಕಸ್ತೂರಿಯ ಕಿವಿಗೆ ಬಿತ್ತು. ಏದುಸಿರಿನಲ್ಲೇ, ಇಡೀ ಏರಿಗೆ ಕೇಳುವಂತೆ ಕೂಗಿದಳು: "ಇದರ ಮೊದಲು ಆರಿಸಿದ್ದು ಮಲಗ್ಯಾದರಿ!"

ಮಂದಿಯೆಲ್ಲ ಅವನ ಕಡೆ ತಿರುಗಿದರು.

"ಅದಕ್ಕ ಸುಳಿ ಇತ್ತು!" ಎಂದು ವಿಶ್ವರಾಧ್ಯ ಗುಡುಗಿದ. ಗುಡುಗುತ್ತಲೇ ಬಂದು, ಅವಳ ಹಿಂದೆ ನಿಂತು, ಹೆಗಲಿನ ಮೇಲೆ ಕೈಯಾಡಿಸಿ, ಎಲ್ಲಾದರೂ ನೋವಿದೆಯೇ ಎಂದು ಒತ್ತಿ ಒತ್ತಿ ನೋಡಿದ. ಎಲ್ಲೂ ಇರಲಿಲ್ಲ.

"ಕೈ ತಗಿ" ಎಂದಳು ಕಸ್ತೂರಿ.